ಕಲಬುರಗಿ, ಬೀದರ, ಯಾದಗಿರಿಯ ಕ್ಲಿನಿಕಲ್ ಸೋಷಿಯಲ್ ವರ್ಕರ್‌ಗಳಿಗೆ ತರಬೇತಿ: ಯಾವುದಕ್ಕೆ ರಜೆ ಹಾಕಬಹುದು, ಯಾವುದಕ್ಕೆ ದುಡ್ಡು ದಂಡ

ದಿನ ಬೆಳಗಾದರೆ ವಾಟ್ಸಾಪ್ ಗುಂಪಿಗೆ ಒಂದಿಲ್ಲೊಂದು ತರಬೇತಿಯ ಪೋಸ್ಟರ್ ಬಂದು ಬೀಳುತ್ತದೆ. ವಾರಾಂತ್ಯದಲ್ಲಿ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ), ಎರಡು ದಿನದಲ್ಲಿ ಫ್ಯಾಮಿಲಿ ಥೆರಪಿ, ಮೂರು ತಾಸಿನಲ್ಲಿ ಟ್ರಾಮಾ ಕೌನ್ಸೆಲಿಂಗ್. ಕೆಳಗೆ ಕ್ಯೂಆರ್ ಕೋಡ್, ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಇ-ಸರ್ಟಿಫಿಕೇಟ್ ಗ್ಯಾರಂಟಿ’. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ, ಮೆಡಿಕಲ್ ಕಾಲೇಜಿನ ಮನೋವೈದ್ಯಕೀಯ ಒಪಿಡಿಯಲ್ಲಿ, ವ್ಯಸನಮುಕ್ತಿ ಕೇಂದ್ರದಲ್ಲಿ ರೋಗಿ ಮತ್ತು ಮನೆಯವರ ಜೊತೆ ಕೆಲಸ ಮಾಡುವ ಕ್ಲಿನಿಕಲ್ ಸೋಷಿಯಲ್ ವರ್ಕರ್‌ಗಳಿಗೆ ರಜೆಯೂ ಅಷ್ಟಕ್ಕಷ್ಟೆ, ಗುತ್ತಿಗೆ ಸಂಬಳವೂ ಅಷ್ಟಕ್ಕಷ್ಟೆ. ಹಾಗಾಗಿ ಇಲ್ಲಿ ತರಬೇತಿಗಳನ್ನು ಅಳೆದಿರುವುದು ಒಂದೇ ಪ್ರಶ್ನೆ ಇಟ್ಟುಕೊಂಡು: ಕಲಿಯಲು ಬಂದವರು ತಮ್ಮದೇ ಕೇಸನ್ನು ಮುಂದಿಡುತ್ತಾರೆಯೇ, ಇಟ್ಟಾಗ ತಿದ್ದುವವರು ಯಾರಾದರೂ ಅಲ್ಲಿ ಕೂತಿರುತ್ತಾರೆಯೇ? ಎರಡಕ್ಕೂ ಹೌದು ಎನ್ನುವ ತರಬೇತಿಗಳು ಕಡಿಮೆ. ಇರುವ ಕೆಲವಂತೂ ಬಹುಪಾಲು ಪುಕ್ಕಟೆಯವೇ.

ಮೊದಲು ಕಾಗದದ ಮಾತು ಮುಗಿಸಿಬಿಡೋಣ, ಏಕೆಂದರೆ ದುಡ್ಡು ಹೆಚ್ಚು ಹೋಗುವುದು ಇಲ್ಲಿಯೇ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಎಂದರೆ ಯಾರು ಎನ್ನುವುದನ್ನು ಅದು ಬಿಡಿಸಿ ಹೇಳಿದೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಆಗಿರಬೇಕು, ಅದರ ಮೇಲೆ ಮೇಲ್ವಿಚಾರಣೆಯಲ್ಲಿ ಕ್ಲಿನಿಕಲ್ ತರಬೇತಿ ಇರುವ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಮಾಡಿರಬೇಕು, ಇಲ್ಲವೇ ಸರ್ಕಾರ ಗೊತ್ತುಪಡಿಸಿದ ಬೇರೆ ವಿದ್ಯಾರ್ಹತೆ ಇರಬೇಕು. ಇಂಥವರ ಹೆಸರು ನೋಂದಾಯಿಸುವುದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಕೆಲಸ, ಅದು ಸೆಕ್ಷನ್ 55ರಲ್ಲಿದೆ. ಆರು ತಿಂಗಳ ಆನ್‌ಲೈನ್ ‘ಡಿಪ್ಲೊಮಾ ಇನ್ ಕ್ಲಿನಿಕಲ್ ಸೋಷಿಯಲ್ ವರ್ಕ್’ ಮಾಡಿ ಆ ಪಟ್ಟಿ ಸೇರಲು ಬರುವುದಿಲ್ಲ. ಉಳಿದ ವಿಷಯಗಳ ಎಂ.ಫಿಲ್. ಅನ್ನು ಯುಜಿಸಿ ನಿಲ್ಲಿಸಿದಾಗಲೂ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎಂ.ಫಿಲ್.ಗಳಿಗೆ 2025–26ರ ಸಾಲಿನವರೆಗೆ ಅವಕಾಶ ಕೊಟ್ಟಿತು. ಈ ಗೊಂದಲದ ಹೊತ್ತು ನೋಡಿಕೊಂಡೇ ‘ಎಂ.ಫಿಲ್.ಗೆ ಸಮಾನ’ ಎಂದು ಬರೆದುಕೊಂಡ ಕೋರ್ಸುಗಳು ಹುಟ್ಟಿವೆ. ಯಾರು ಸಮಾನ ಎಂದರು, ಯಾವ ಆದೇಶದಲ್ಲಿ ಎಂದರು ಎಂದು ಒಂದು ಮೇಲ್ ಹಾಕಿ ನೋಡಿ. ಆದೇಶದ ನಂಬರು ಬರದಿದ್ದರೆ ಅಲ್ಲಿಗೇ ಬಿಡಿ.

2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ಕ್ಲಿನಿಕಲ್, ಸೈಕಿಯಾಟ್ರಿಕ್, ಮೆಡಿಕಲ್ ಸೋಷಿಯಲ್ ವರ್ಕರ್ ಮೂವರ ಹೆಸರೂ ಇದೆ, ವರ್ತನಾ ಆರೋಗ್ಯ ವಿಭಾಗದಡಿ. ಕೇವಲ ಎಂಎಸ್‌ಡಬ್ಲ್ಯೂ ಆದವರು ಗಮನ ಇಡಬೇಕಾದದ್ದು ಈ ಕಾಯ್ದೆಯ ನಿಯಮಗಳ ಮೇಲೆ. ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಬೇರೆಯೇ ದಾರಿ. ಅಲ್ಲಿ ರಿಹ್ಯಾಬಿಲಿಟೇಶನ್ ಸೋಷಿಯಲ್ ವರ್ಕರ್ ಎಂದು ನೋಂದಾಯಿಸಿಕೊಂಡವರಿಗೆ ನವೀಕರಣಕ್ಕೆ ಸಿಆರ್‌ಇ (ಪುನರ್ವಸತಿಯ ಮುಂದುವರಿಕೆ ಶಿಕ್ಷಣ) ಅಂಕ ಬೇಕು. ಆರ್‌ಸಿಐ ಮಂಜೂರಾತಿ ಪಡೆದ ಕಾರ್ಯಕ್ರಮದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ನಮ್ಮ ಕಡೆ ಹೆಚ್ಚು ಜನ ಎಡವುವುದು ಡಾಕ್ಟರುಗಳ ಸಿಎಂಇಯಲ್ಲಿ, ಅಂದರೆ ಅವರ ಮುಂದುವರಿಕೆ ಶಿಕ್ಷಣದ ಸಭೆಗಳಲ್ಲಿ. ಬ್ಯಾನರಿನ ಮೇಲೆ ‘2 ಕ್ರೆಡಿಟ್ ಅವರ್ಸ್’ ಎಂದಿರುತ್ತದೆ. ಆ ಕ್ರೆಡಿಟ್ಟು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನದು, ಐದು ವರ್ಷಕ್ಕೆ 30 ತಾಸು ತುಂಬಿಸಬೇಕಾದ ವೈದ್ಯರಿಗೆ. ಸೋಷಿಯಲ್ ವರ್ಕರ್‌ಗೆ ಸಿಗುವುದು ಭಾಗವಹಿಸಿದ ಪತ್ರವಷ್ಟೆ. ಹಾಗೆಂದು ಹೋಗಬೇಡಿ ಎಂದಲ್ಲ, ಕ್ರೆಡಿಟ್ಟಿನ ಆಸೆಗೆ ಹೋಗಬೇಡಿ ಎಂದು.

ಇನ್ನೊಂದು ಬಗೆಯ ಸರಕು ಅಮೆರಿಕದ್ದು. ಅಲ್ಲಿ ರಾಜ್ಯಗಳು ಲೈಸೆನ್ಸ್ ಕೊಡುತ್ತವೆ, ನವೀಕರಣಕ್ಕೆ ತಾಸುಗಳ ಲೆಕ್ಕ ಕೇಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೆ 36 ತಾಸು, ಅದರಲ್ಲಿ 6 ತಾಸು ಕಾನೂನು ಮತ್ತು ನೀತಿ. ಆ ಮಾರುಕಟ್ಟೆಗಾಗಿಯೇ ಮಾಡಿದ ‘ಓದಿ, ಕ್ವಿಜ್ ಬರೆದು, ಸರ್ಟಿಫಿಕೇಟ್ ಇಳಿಸಿಕೊಳ್ಳಿ’ ಕೋರ್ಸುಗಳು ಇಲ್ಲಿಂದಲೂ ಕೊಳ್ಳಲು ಸಿಗುತ್ತವೆ. ಅಲ್ಲಿಯ ಸೋಷಿಯಲ್ ವರ್ಕ್ ಲೈಸೆನ್ಸ್ ಮಂಡಳಿಗಳ ಒಕ್ಕೂಟವಾದ ಎಎಸ್‌ಡಬ್ಲ್ಯೂಬಿಯ ಮುದ್ರೆ ಇದ್ದರೆ ಪಾಠ ಸಾಮಾನ್ಯವಾಗಿ ಕೆಟ್ಟದ್ದಿರುವುದಿಲ್ಲ. ಆದರೆ ಕಾನೂನಿನ ಅಧ್ಯಾಯ ಪೂರ್ತಿ ಅಲ್ಲಿಯದು, ಆ ತಾಸುಗಳಿಗೆ ಇಲ್ಲಿಯ ಯಾವ ನೋಂದಣಿಯಲ್ಲೂ ಜಾಗವಿಲ್ಲ. ಡಾಲರಿನಲ್ಲಿ ಕೊಟ್ಟ ಫೀಗೆ ಉಳಿಯುವುದು ಒಂದು ಪಿಡಿಎಫ್.

ಇನ್ನು ಸೇರಬಹುದಾದವು. ಎಲ್ಲಕ್ಕಿಂತ ಮೇಲೆ ನಿಲ್ಲುವುದು ಎಕೋ ಮಾದರಿಯ ಆನ್‌ಲೈನ್ ಕ್ಲಿನಿಕ್. 2003ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಡಾ. ಸಂಜೀವ್ ಅರೋರಾ ಹೆಪಟೈಟಿಸ್-ಸಿ ರೋಗಿಗಳಿಗಾಗಿ ಶುರುಮಾಡಿದ ಪದ್ಧತಿ ಇದು. ತಜ್ಞರ ತಂಡ ಒಂದು ಕಡೆ ಕೂರುತ್ತದೆ, ದೂರದ ಆಸ್ಪತ್ರೆಗಳವರು ವೀಡಿಯೊದಲ್ಲಿ ಸೇರಿ ತಮ್ಮ ಕೇಸು ಹೇಳುತ್ತಾರೆ, ಉಳಿದವರೂ ಕೇಳಿಸಿಕೊಂಡು ಕಲಿಯುತ್ತಾರೆ. ನಮ್ಮಲ್ಲಿ ನಿಮ್ಹಾನ್ಸ್‌ನ ವರ್ಚುವಲ್ ನಾಲೆಡ್ಜ್ ನೆಟ್‌ವರ್ಕ್ ಈ ಮಾದರಿಯಲ್ಲಿ ನಡೆಯುತ್ತದೆ. 2018ರಲ್ಲಿ ಶುರುವಾದ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ವೈದ್ಯರಿಗೆ, ಸೈಕಾಲಜಿಸ್ಟರಿಗೆ, ಸೋಷಿಯಲ್ ವರ್ಕರ್‌ಗಳಿಗೆ, ನರ್ಸುಗಳಿಗೆ ಬೇರೆಬೇರೆಯಾಗಿ ಸಮುದಾಯ ಮಾನಸಿಕ ಆರೋಗ್ಯದ ಕೋರ್ಸು ನಡೆಸುತ್ತದೆ. ಮೊಬೈಲ್ ಮತ್ತು ಇಯರ್‌ಫೋನ್ ಇದ್ದರೆ ಸಾಕು. ಚಿಂಚೋಳಿಯಲ್ಲಿ ಕೂತವರಿಗೂ ಬೆಂಗಳೂರಿನಲ್ಲಿ ಕೂತವರಿಗೂ ಒಂದೇ ಬೆಂಚು.

ಆದರೆ ಇದರಲ್ಲಿ ಸಿಗುವ ಲಾಭ ಕೇಸು ಕಟ್ಟುವ ಕೈಯಲ್ಲಿದೆ. ಸಾಮಾನ್ಯವಾಗಿ ಹಾಳಾಗುವುದು ಹೀಗೆ: ಹುಟ್ಟಿದಾಗಿನಿಂದ ಇತಿಹಾಸ ಶುರುಮಾಡಿ ಇಪ್ಪತ್ತು ನಿಮಿಷ ಓದುತ್ತಾರೆ, ಕೊನೆಗೆ ‘ಏನು ಮಾಡಬಹುದು ಸರ್’ ಎಂದು ಬಿಟ್ಟುಬಿಡುತ್ತಾರೆ. ತಜ್ಞರು ಮಾತ್ರೆಯ ಬಗ್ಗೆ ಹೇಳುತ್ತಾರೆ, ಕೇಸು ಮುಗಿಯುತ್ತದೆ, ಸೋಷಿಯಲ್ ವರ್ಕರ್‌ನ ಪಾಲಿಗೆ ಏನೂ ಉಳಿಯುವುದಿಲ್ಲ. ಐದರಿಂದ ಏಳು ನಿಮಿಷಕ್ಕೆ ಮೀರದಂತೆ ಕಟ್ಟಬೇಕು. ಮೊದಲ ಸಾಲಿನಲ್ಲೇ ಪ್ರಶ್ನೆ, ಅದೂ ಒಂದೇ. ‘ಮನೆಯವರು ಮಾತ್ರೆ ನಿಲ್ಲಿಸಿ ಗಾಣಗಾಪುರಕ್ಕೆ ಕರೆದುಕೊಂಡು ಹೋಗುತ್ತೇವೆ ಎನ್ನುತ್ತಿದ್ದಾರೆ; ಹೋಗಬೇಡಿ ಎನ್ನದೆ ಮಾತ್ರೆ ಉಳಿಸುವುದು ಹೇಗೆ?’ ಇಂಥದ್ದೊಂದು ಪ್ರಶ್ನೆ ಇಟ್ಟರೆ ಚರ್ಚೆ ತಾನಾಗಿ ಸೋಷಿಯಲ್ ವರ್ಕ್ ಕಡೆ ತಿರುಗುತ್ತದೆ. ಆಮೇಲೆ ಮೂರು ತಲೆಮಾರಿನ ವಂಶವೃಕ್ಷ, ಮನೆಯಲ್ಲಿ ನಿರ್ಧಾರ ಯಾರದು, ದುಡ್ಡು ಎಲ್ಲಿಂದ, ಈವರೆಗೆ ಮಾಡಿದ ಪ್ರಯತ್ನ ಯಾವುದು, ಅದರಲ್ಲಿ ಫಲಿಸದೆ ಹೋದದ್ದು ಯಾವುದು. ಕೊಟ್ಟ ಸಲಹೆಯನ್ನು ಅಂದೇ ಫೈಲಿನಲ್ಲಿ ಬರೆದು, ತಿಂಗಳ ನಂತರ ಅದೇ ಕೇಸನ್ನು ಎರಡು ನಿಮಿಷದಲ್ಲಿ ಮತ್ತೆ ಹೇಳಬೇಕು. ಈ ಎರಡನೇ ಸಲದ ಹೇಳಿಕೆಗೆ ಜಾಗ ಕೊಡದ ಸೆಷನ್ ಅರ್ಧ ಸೆಷನ್.

ಗುಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹೆಸರು ತೆಗೆದರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ‘ಸೇಡಂ ತಾಲ್ಲೂಕಿನ ಇಂಥ ತಾಂಡಾ, 34 ವರ್ಷದ ಅಂಗನವಾಡಿ ಕಾರ್ಯಕರ್ತೆ’ ಎಂದು ಸ್ಲೈಡಿನಲ್ಲಿ ಹಾಕಿದರೆ ಹೆಸರು ಬರೆದಂತೆಯೇ ಆಯಿತು. ಆ ತಾಂಡಾದಲ್ಲಿ ಅಂಗನವಾಡಿ ಕಾರ್ಯಕರ್ತೆ ಎಷ್ಟು ಜನ ಇರುತ್ತಾರೆ? ಊರು ತೆಗೆಯಬೇಕು, ಕೆಲಸವನ್ನು ‘ಸರ್ಕಾರಿ ಗೌರವಧನದ ಕೆಲಸ’ ಎಂದಷ್ಟೇ ಹೇಳಬೇಕು, ವಯಸ್ಸನ್ನು ಐದು ವರ್ಷದ ಅಂತರದಲ್ಲಿ ಹೇಳಬೇಕು. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಸೆಕ್ಷನ್ 23 ಮಾಹಿತಿಯ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದಿದೆ, ತರಬೇತಿಗೆಂದು ಅದರಲ್ಲಿ ರಿಯಾಯಿತಿ ಇಲ್ಲ. ಸೆಷನ್ನಿನ ಸ್ಕ್ರೀನ್‌ಶಾಟ್ ತೆಗೆದು ‘ಟುಡೇಸ್ ಕೇಸ್ ಡಿಸ್ಕಶನ್’ ಎಂದು ಸ್ಟೇಟಸ್ಸಿಗೆ ಹಾಕುವ ಚಟವಂತೂ ಬಿಡಲೇಬೇಕು.

ಸ್ಥಳೀಯ ಒಂದು ದಿನದ ಕಾರ್ಯಾಗಾರಗಳ ಬಗ್ಗೆ ಹೇಳುವುದು ಬಹಳ ಇಲ್ಲ. ದೀಪ ಬೆಳಗಿ, ಶಾಲು ಹೊದಿಸಿ, ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ಎರಡು ಉಪನ್ಯಾಸ, ಊಟ, ಊಟದ ನಂತರ ಅರ್ಧ ಸಭಾಂಗಣ ಖಾಲಿ. ಪಠ್ಯ ಚೆನ್ನಾಗಿದ್ದರೂ ಕೈಗೆ ಬರುವುದಿಲ್ಲ. ಇಂಥದರಲ್ಲಿ ನೋಡಬೇಕಾದದ್ದು ಕಾರ್ಯಕ್ರಮ ಪಟ್ಟಿಯ ಮಧ್ಯಾಹ್ನದ ಭಾಗ. ಅಲ್ಲಿ ‘ರೋಲ್ ಪ್ಲೇ’, ‘ಫಾರ್ಮ್ ತುಂಬುವ ಅಭ್ಯಾಸ’ ಎಂದಿದ್ದು, ಒಬ್ಬ ತರಬೇತುದಾರರಿಗೆ ಹತ್ತು ಹನ್ನೆರಡು ಜನರಷ್ಟೇ ಗುಂಪಿದ್ದರೆ ಹೋಗಬಹುದು. ‘ಪ್ಯಾನೆಲ್ ಚರ್ಚೆ, ವಂದನಾರ್ಪಣೆ’ ಎಂದಿದ್ದರೆ ಪರಿಚಯ ಬೆಳೆಸಿಕೊಳ್ಳಲು ಮಾತ್ರ.

ಕಾನೂನಿನ ಕಾರ್ಯಾಗಾರಗಳದೂ ಇದೇ ಪಾಡು. ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್‌ಗಳನ್ನು ಸ್ಲೈಡಿನ ಮೇಲೆ ಓದುತ್ತಾ ಹೋಗುತ್ತಾರೆ. ವಾರ್ಡಿನಲ್ಲಿ ಬೇಕಾಗುವುದು ಬೇರೆ. ರೋಗಿಯ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯನ್ನು ನೇಮಿಸಲು ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಸಾಕು ಎಂದು ಸೆಕ್ಷನ್ 14 ಹೇಳುತ್ತದೆ. ಇದು ಗೊತ್ತಿಲ್ಲದೆ ಮನೆಯವರನ್ನು ತಹಸೀಲ್ ಕಚೇರಿಗೆ ಅಲೆಸುವುದುಂಟು. ಈ ಪ್ರತಿನಿಧಿಯ ಅರ್ಜಿಯ ಮೇಲೆ ರೋಗಿಯನ್ನು ಸೇರಿಸಿಕೊಳ್ಳುವ ಸೆಕ್ಷನ್ 89ರ ದಾಖಲಾತಿಗೆ 30 ದಿನದ ಮಿತಿ ಇದೆ, ಆ ದಿನಗಳ ಲೆಕ್ಕ ಇಡುವವರು ಯಾರು? ಬಿಡುಗಡೆಗೆ ಮುಂಚೆ ಸೆಕ್ಷನ್ 98ರ ಪ್ರಕಾರ ಮುಂದಿನ ಚಿಕಿತ್ಸೆಯ ಯೋಜನೆ ಮಾಡಬೇಕು, ಅದನ್ನು ಬರೆಯುವುದು ಹೇಗೆ? ನಾಲ್ಕು ನಕಲಿ ಕೇಸು ಕೊಟ್ಟು, ಖಾಲಿ ಫಾರ್ಮು ಕೊಟ್ಟು, ತುಂಬಿಸಿ, ಒಬ್ಬೊಬ್ಬರದೂ ತಿದ್ದಿದರೆ ಎರಡು ತಾಸಿನಲ್ಲಿ ಆಗುವ ಕೆಲಸ ಇದು.

ತರಬೇತಿ ನಮ್ಮ ಭಾಗಕ್ಕೆ ಹೊಂದುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ಮದ್ಯದ ಪಾಠವೇ ಒಳ್ಳೆಯದು. ಕುಡಿತವನ್ನು ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆ, ಒಟ್ಟು 40 ಅಂಕ. 8 ಮತ್ತು ಮೇಲೆ ಬಂದರೆ ಅಪಾಯದ ಕುಡಿತ, 20 ಮತ್ತು ಮೇಲೆ ಬಂದರೆ ಅವಲಂಬನೆಯ ಶಂಕೆ. ಎಲ್ಲ ತರಬೇತಿಯಲ್ಲೂ ಇಷ್ಟು ಹೇಳುತ್ತಾರೆ. ಕೇಳಬೇಕಾದದ್ದು ‘ಒಂದು ಡ್ರಿಂಕ್’ ಎಂದರೆ ಎಷ್ಟು ಎನ್ನುವುದು. ಅದು 10 ಗ್ರಾಂ ಆಲ್ಕೋಹಾಲ್. 180 ಎಂಎಲ್‌ನ ಒಂದು ಕ್ವಾರ್ಟರ್, 42.8 ಶೇಕಡಾದ್ದು, ಸುಮಾರು 60 ಗ್ರಾಂ ಆಗುತ್ತದೆ, ಅಂದರೆ ಆರು ಡ್ರಿಂಕ್. ‘ದಿನಾ ಒಂದೇ ಕ್ವಾರ್ಟರ್ ರೀ’ ಎಂದವರ ಉತ್ತರವನ್ನು ‘ಒಂದು’ ಎಂದು ಬರೆದುಕೊಂಡರೆ ಮೊದಲ ಪ್ರಶ್ನೆಗೆ (ಎಷ್ಟು ಸಲ ಕುಡಿಯುತ್ತೀರಿ) 4, ಎರಡನೆಯದಕ್ಕೆ (ಕುಡಿದ ದಿನ ಎಷ್ಟು ಡ್ರಿಂಕ್) ಸೊನ್ನೆ, ಮೂರನೆಯದಕ್ಕೆ (ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಸಲ) ಸೊನ್ನೆ, ಒಟ್ಟು 4. ಆರು ಎಂದು ಬರೆದರೆ 4, 2, 4, ಒಟ್ಟು 10. ಮೂರೇ ಪ್ರಶ್ನೆಯಲ್ಲಿ 8ರ ಗೆರೆ ದಾಟಿಯಾಯಿತು. ಈ ಲೆಕ್ಕವನ್ನು ಖಾಲಿ ಬಾಟಲಿ, 90 ಎಂಎಲ್ ಪಾಕೀಟು ಮೇಜಿನ ಮೇಲಿಟ್ಟು ಮಾಡಿಸುವ ತರಬೇತುದಾರರು ಸಿಕ್ಕರೆ ಬಿಡಬೇಡಿ.

ಯಾದಗಿರಿ, ಗುರುಮಠಕಲ್, ಸೇಡಂ ಕಡೆ ಇನ್ನೊಂದು ಸಮಸ್ಯೆ ಇದೆ, ದಕ್ಷಿಣದವರು ಮಾಡಿದ ಪಠ್ಯದಲ್ಲಿ ಅದು ಬರುವುದೇ ಅಪರೂಪ. ಸಿಎಚ್ ಪೌಡರ್, ಅಂದರೆ ನಿದ್ದೆ ಬರಿಸುವ ಕ್ಲೋರಲ್ ಹೈಡ್ರೇಟ್ ಬೆರೆಸಿದ ಸೇಂದಿ. ಕೆಲವು ಕಡೆ ಆಲ್‌ಪ್ರಜೋಲಾಂ, ಡಯಜೆಪಾಂನಂಥ ನಿದ್ದೆ ಮಾತ್ರೆಯ ಪುಡಿಯೂ ಸೇರುತ್ತದೆ. ಇದನ್ನು ಬಿಟ್ಟಾಗ ಬರುವ ನಡುಕ, ಫಿಟ್ಸ್, ಭ್ರಮೆ ಎಲ್ಲ ಮದ್ಯ ಬಿಟ್ಟಾಗ ಬರುವುದರಂತೆಯೇ ಕಾಣುತ್ತವೆ, ಆದರೆ ಕುಡಿದ ಆಲ್ಕೋಹಾಲ್ ಲೆಕ್ಕ ಹಾಕಿದರೆ ಅಷ್ಟು ಆಗಬಾರದು ಎನಿಸುತ್ತದೆ. ಆಡಿಟ್ ಅಂಕ ಕಡಿಮೆ ಬಂದು, ಆಪ್ತ ಸಲಹೆ ಕೊಟ್ಟು ‘ನಾಳೆಯಿಂದ ಬಿಟ್ಟುಬಿಡಿ’ ಎಂದು ಮನೆಗೆ ಕಳಿಸುವುದು ಇಲ್ಲಿ ಅಪಾಯಕಾರಿ. ಏನು ಕುಡಿಯುತ್ತೀರಿ ಎಂಬುದರ ಜೊತೆ ಎಲ್ಲಿ ಕುಡಿಯುತ್ತೀರಿ, ಒಂದು ದಿನ ತಪ್ಪಿದರೆ ಮೈ ಏನಾಗುತ್ತದೆ ಎಂದು ಕೇಳಿ, ಮೊದಲು ಡಾಕ್ಟರ ಬಳಿ ಕಳಿಸಬೇಕು. ನೋಂದಣಿಗೆ ಮುಂಚೆ ಸಂಘಟಕರಿಗೆ ‘ಸೇಂದಿಯ ವಿಷಯ ಇದೆಯೇ’ ಎಂದು ಕೇಳಿ. ಉತ್ತರದಿಂದಲೇ ಗೊತ್ತಾಗುತ್ತದೆ.

ಮಾನಸಿಕ ಕಾಯಿಲೆಯಿಂದ ಆದ ಅಂಗವೈಕಲ್ಯದ ಪ್ರಮಾಣ ಅಳೆಯುವ ಐಡಿಯಾಸ್ ಮಾಪಕದ ತರಬೇತಿಗೆ ಮಾತ್ರ ಕಣ್ಣು ಮುಚ್ಚಿ ಹೋಗಬಹುದು, ಅರ್ಧ ದಿನದ್ದಾದರೂ ಸರಿ. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಮಾಸಾಶನ ಎಲ್ಲ ಇದರ ಮೇಲೆ ನಿಂತಿವೆ. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ, ಹೀಗೆ ನಾಲ್ಕು ವಿಷಯ, ಒಂದೊಂದಕ್ಕೆ 0ಯಿಂದ 4. ಅದರ ಮೇಲೆ ಕಾಯಿಲೆಯ ಅವಧಿಗೆ ಅಂಕ: ಎರಡು ವರ್ಷದೊಳಗೆ 1, ಎರಡರಿಂದ ಐದಕ್ಕೆ 2, ಆರರಿಂದ ಹತ್ತಕ್ಕೆ 3, ಹತ್ತು ಮೀರಿದರೆ 4. ಒಟ್ಟು 20ರಲ್ಲಿ 7 ಬಂದರೆ 40 ಶೇಕಡಾ, ಸೌಲಭ್ಯಗಳ ಗೆರೆ ಅದು. ಹನ್ನೆರಡು ವರ್ಷದಿಂದ ಸ್ಕಿಜೋಫ್ರೇನಿಯಾ ಇರುವವರಿಗೆ ಅವಧಿಯಿಂದಲೇ 4 ಬಂದಿರುತ್ತದೆ, ಉಳಿದ ನಾಲ್ಕು ವಿಷಯ ಸೇರಿ 3 ಬಂದರೆ ಸಾಕು. ಒಂದೂವರೆ ವರ್ಷದವರಿಗೆ 6 ಬೇಕು. ಹಾಗಾಗಿ ಕಾಯಿಲೆ ಶುರುವಾದ ವರ್ಷ ಕೇಳುವುದರಲ್ಲಿ ಮಾಡಿದ ಉದಾಸೀನ ನೇರವಾಗಿ ಮಾಸಾಶನಕ್ಕೆ ತಾಗುತ್ತದೆ. ‘ಯಾವಾಗಿಂದ?’ ಎಂದರೆ ಮನೆಯವರು ಮೊದಲ ಸಲ ಆಸ್ಪತ್ರೆಗೆ ಬಂದ ವರ್ಷ ಹೇಳುತ್ತಾರೆ. ಅದಕ್ಕೂ ಮುಂಚೆ ದರ್ಗಾ, ಗುಡಿ, ಝಾಡಿಸುವವರ ಬಳಿ ತಿರುಗಿದ ಮೂರು ನಾಲ್ಕು ವರ್ಷ ಲೆಕ್ಕದಿಂದ ಬಿದ್ದುಹೋಗುತ್ತದೆ. ಮಗಳ ಮದುವೆಗೆ ಮುಂಚೆಯೋ ಆಮೇಲೋ, ಮನೆ ಕಟ್ಟಿದ ವರ್ಷವೋ ಎಂದು ಕೇಳಿ ಹಿಡಿಯಬೇಕು.

ಇನ್ನೊಂದು ತಪ್ಪು ‘ಕೆಲಸ’ದ ಅಂಕದಲ್ಲಿ. ಮಾಪಕದಲ್ಲಿ ದುಡಿಯುವವರಿಗೆ, ಗೃಹಿಣಿಯರಿಗೆ, ವಿದ್ಯಾರ್ಥಿಗಳಿಗೆ ಬೇರೆಬೇರೆ ಮಾರ್ಗಸೂಚಿ ಇದೆ. ತೊಗರಿ ರಾಶಿ ಸಮಯದಲ್ಲಿ ಕೂಲಿಗೆ ಹೋಗಿ ಉಳಿದ ದಿನ ಮನೆ ನೋಡಿಕೊಳ್ಳುವ ಹೆಣ್ಣುಮಗಳನ್ನು ಯಾವುದರಲ್ಲಿ ಹಾಕುತ್ತೀರಿ? ಮನೆಗೆಲಸ ಹೇಗೋ ನಡೆಯುತ್ತಿದೆ ಎಂದು ಸೊನ್ನೆ ಹಾಕುವವರಿದ್ದಾರೆ. ನಡೆಸುತ್ತಿರುವುದು ಅತ್ತೆಯೋ ಮಗಳೋ ಎಂದು ಕೇಳಿರುವುದಿಲ್ಲ. ರೋಗಿ ಎದುರು ಕೂತಾಗ ಮಾತ್ರ ಅಂಕ ಹಾಕಿ, ಮನೆಯವರನ್ನು ಪ್ರತ್ಯೇಕವಾಗಿ ಕೇಳದಿರುವುದೂ ಇದರ ಜೊತೆಯ ತಪ್ಪು. ಒಂದೇ ವೀಡಿಯೊ ತೋರಿಸಿ, ಎಲ್ಲರೂ ಬೇರೆಬೇರೆ ಅಂಕ ಹಾಕಿ, ಏಕೆ ವ್ಯತ್ಯಾಸ ಬಂತು ಎಂದು ಮಾತಾಡಿಸುವ ತರಬೇತಿ ಸರಿಯಾದದ್ದು. ಮಾಪಕವನ್ನು ಓದಿ ಹೇಳುವ ತರಬೇತಿಗೆ ಮಾಪಕವೇ ಸಾಕು.

ಆತ್ಮಹತ್ಯೆ ತಡೆಯ ತರಬೇತಿಗಳು ಈಗ ಎಲ್ಲೆಡೆ. ಸುರಕ್ಷತಾ ಯೋಜನೆಯ ಆರು ಹೆಜ್ಜೆಯನ್ನು ಎಲ್ಲರೂ ಕಲಿಸುತ್ತಾರೆ: ಮುನ್ಸೂಚನೆ ಗುರುತಿಸುವುದು, ಒಬ್ಬರೇ ಮಾಡಿಕೊಳ್ಳಬಹುದಾದದ್ದು, ಮನಸ್ಸು ಬೇರೆಡೆ ಹರಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ನಂಟರು, ವೃತ್ತಿಪರರು, ಕೊನೆಗೆ ಸುತ್ತಮುತ್ತಲನ್ನು ಸುರಕ್ಷಿತ ಮಾಡುವುದು. ಐದನೆಯದರಲ್ಲಿ ಟೆಲಿ ಮನಸ್ ಸಹಾಯವಾಣಿ 14416 ಬರೆಸುತ್ತಾರೆ, ಸರಿ. ಕಷ್ಟ ಇರುವುದು ಆರನೆಯದರಲ್ಲಿ. ನಮ್ಮ ಹಳ್ಳಿಗಳಲ್ಲಿ ಹೊಲಕ್ಕೆ ಹೊಡೆಯುವ ಔಷಧ ಮನೆಯ ಒಳಕೋಣೆಯಲ್ಲೇ, ಜೋಳದ ಚೀಲದ ಪಕ್ಕದಲ್ಲೇ ಇರುತ್ತದೆ. ‘ಮನೆಯಿಂದ ತೆಗೆದುಹಾಕಿ’ ಎಂದರೆ ತೊಗರಿಗೆ ಹುಳ ಬಿದ್ದ ಹೊತ್ತಲ್ಲಿ ಯಾರು ಕೇಳುತ್ತಾರೆ? ಉಳಿದದ್ದನ್ನು ಬೀಗ ಇರುವ ಪೆಟ್ಟಿಗೆಯಲ್ಲಿ ಅಣ್ಣತಮ್ಮಂದಿರ ಮನೆಯಲ್ಲಿ ಇಡುವುದು, ಬೀಗದ ಕೈ ಯಾರ ಬಳಿ, ಸಿಂಪಡಿಸುವ ದಿನ ಯಾರು ತರುತ್ತಾರೆ, ಒಂದು ಸಲಕ್ಕೆ ಬೇಕಾದಷ್ಟೇ ಕೊಳ್ಳಲು ಆಗುತ್ತದೆಯೇ ಎಂದು ಆ ಮನೆಯವರ ಜೊತೆ ಕೂತು ಗೊತ್ತುಮಾಡುವ ಅಭ್ಯಾಸ ರೋಲ್ ಪ್ಲೇಯಲ್ಲಿ ಆಗಬೇಕು.

ರೋಲ್ ಪ್ಲೇ ಯಾವ ಮಾತಿನಲ್ಲಿ ನಡೆಯುತ್ತದೆ ಎಂಬುದನ್ನೂ ನೋಡಿ. ಇಂಗ್ಲಿಷಿನಲ್ಲಿ ‘ನಿಮಗೆ ಸಾಯುವ ವಿಚಾರ ಬರುತ್ತದೆಯೇ’ ಎಂದು ಕೇಳುವುದು ಸಲೀಸು. ‘ಯಕ್ಕಾ, ಜೀವ ಬ್ಯಾಸರ ಆಗ್ಯಾದ ಅಂದ್ರಿ. ಜೀವ ಕಳಕೋಬೇಕು ಅಂತ ಅನಿಸ್ಯಾದೇನ್ರೀ?’ ಎಂದು ಎದುರಿನವರ ಕಣ್ಣು ನೋಡಿ ಕೇಳಲು ಬಾಯಿ ಬರಬೇಕಾದರೆ ಹತ್ತು ಸಲ ಆಡಿ ನೋಡಿರಬೇಕು. ಬೀದರಿನ ಒಪಿಡಿಯಲ್ಲಿ ದಖ್ಖನಿ, ಬಸವಕಲ್ಯಾಣದ ಕಡೆ ಮರಾಠಿ, ಗುರುಮಠಕಲ್ ಗಡಿಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ತರಬೇತುದಾರರಿಗೆ ಇವೆಲ್ಲ ಬರಬೇಕೆಂದು ಬಯಸಲಾಗದು. ಭಾಗವಹಿಸುವವರು ತಮ್ಮ ತಮ್ಮ ಮಾತಿನಲ್ಲಿ ಆಡಲು ಬಿಟ್ಟು, ಧ್ವನಿ, ಮೌನ, ಕೂತ ರೀತಿ ನೋಡಿ ತಿದ್ದಿದರೂ ಸಾಕು.

ಈ ಕಾರಣಕ್ಕೇ ಊರು ಬಿಟ್ಟು ಹೋಗುವುದಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನತ್ತ ನಮ್ಮ ಒಲವು. ನಿಮ್ಹಾನ್ಸ್‌ನಲ್ಲಿ ತಜ್ಞತೆಯ ಆಳ ದೊಡ್ಡದು, ವಿಶೇಷ ಘಟಕಗಳು ಅಲ್ಲಿವೆ, ಎಳೆಯ ಮಕ್ಕಳದ್ದಾಗಲಿ ವ್ಯಸನದ್ದಾಗಲಿ ಒಂದೇ ವಿಷಯ ಹಿಡಿದು ಕಲಿಯುವವರು ಅಲ್ಲಿಗೇ ಹೋಗಬೇಕು. ಆದರೆ ಡಿಮ್ಹಾನ್ಸ್‌ನ ಒಪಿಡಿಗೆ ಬರುವ ಮನೆಗಳು, ಅವರ ಮಾತು, ಅವರ ಬಡತನ, ನಮ್ಮವರದಕ್ಕೆ ಹತ್ತಿರ. ಎರಡೂ ಕಡೆ ಅಲ್ಪಾವಧಿಗೆ ಹೋಗಲು ನಿಮ್ಮ ಸಂಸ್ಥೆಯ ಪತ್ರ ಬೇಕು. ಹೋದವರು ಎರಡು ವಾರವೂ ಒಪಿಡಿಯ ಮೂಲೆಯಲ್ಲಿ ನಿಂತು ನೋಡಿ ಬರುವುದುಂಟು. ಅದನ್ನು ತಪ್ಪಿಸಲು ಮೊದಲ ದಿನವೇ ಬರೆದುಕೊಂಡು ಹೋದ ಮೂರು ಗುರಿಗಳನ್ನು ವಿಭಾಗಕ್ಕೆ ಕೊಡಬೇಕು. ಉದಾಹರಣೆಗೆ, ಐದು ಕುಟುಂಬ ಸಂದರ್ಶನದಲ್ಲಿ ಜೊತೆ ಕೂರುವುದು, ಅದರಲ್ಲಿ ಎರಡನ್ನು ತಾವೇ ನಡೆಸುವುದು, ಎರಡರದೂ ಸಂಭಾಷಣೆಯನ್ನು ಮಾತಿಗೆ ಮಾತು ಬರೆದು ತಿದ್ದಿಸಿಕೊಳ್ಳುವುದು. ಈ ಕೊನೆಯದನ್ನು ಎಂಎಸ್‌ಡಬ್ಲ್ಯೂ ಮುಗಿದ ಮೇಲೆ ಯಾರೂ ಮಾಡುವುದಿಲ್ಲ. ಅತಿ ಹೆಚ್ಚು ಕಲಿಸುವುದೂ ಅದೇ.

ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ. ಬೌದ್ಧಿಕ ಅಂಗವೈಕಲ್ಯದ ಕೆಲಸ ಮಾಡುವವರು ಸಿಕಂದರಾಬಾದಿನಲ್ಲಿರುವ ಆ ವಿಷಯದ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿಯ ಅಲ್ಪಾವಧಿ ಕಾರ್ಯಕ್ರಮಗಳ ಮೇಲೆ ಕಣ್ಣಿಡಬೇಕು. ಬೆಳಗಿನ ರೈಲಿಗೆ ಹತ್ತಿದರೆ ಮುಟ್ಟುವ ದೂರ. ಆರ್‌ಸಿಐ ಅಂಕ ಬೇಕಾದವರು ಸೇರುವ ಮುಂಚೆ ಆ ನಿರ್ದಿಷ್ಟ ಕಾರ್ಯಕ್ರಮಕ್ಕೆ ಸಿಆರ್‌ಇ ಮಂಜೂರಾತಿ ಇದೆಯೇ ಎಂದು ಖಚಿತಪಡಿಸಿಕೊಳ್ಳಲಿ.

ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ಪೋರ್ಟಲ್‌ನ ಕೋರ್ಸುಗಳಿಗೆ ಓದಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಅದರಲ್ಲಿ ಐಐಟಿಗಳು ನಡೆಸುವ ಎನ್‌ಪಿಟೆಲ್‌ನಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75, ಎರಡರಲ್ಲೂ ಬೇರೆಬೇರೆ ಕನಿಷ್ಠ ಅಂಕ ದಾಟಬೇಕು. ವಾರದ ಅಸೈನ್‌ಮೆಂಟ್ ತಪ್ಪಿಸಿ ಪರೀಕ್ಷೆಯಲ್ಲಿ ಎಷ್ಟೇ ಬರೆದರೂ ಸರ್ಟಿಫಿಕೇಟ್ ಬರುವುದಿಲ್ಲ, ಕೆಲಸದಲ್ಲಿರುವವರು ಸೋಲುವುದು ಇಲ್ಲಿಯೇ. ಸಿದ್ಧಾಂತ, ಸಂಶೋಧನಾ ವಿಧಾನ ತಿದ್ದಿಕೊಳ್ಳಲು ಒಳ್ಳೆಯದು. ಕೇಸು ತಿದ್ದುವವರು ಅಲ್ಲಿಲ್ಲ. ಇಗ್ನೋದ ಕೌನ್ಸೆಲಿಂಗ್ ಎಂಎಸ್‌ಡಬ್ಲ್ಯೂ ಪುಸ್ತಕಗಳಿಗೂ ಇದೇ ಮಾತು. ನಮ್ಮ ಮೂರೂ ಜಿಲ್ಲೆಗೆ ಅದರ ಪ್ರಾದೇಶಿಕ ಕೇಂದ್ರ ವಿಜಯಪುರ.

ವಾರಾಂತ್ಯದ ಸಿಬಿಟಿ, ಡಿಬಿಟಿ (ಭಾವನೆ ಹತೋಟಿಗೆ ತರುವ ಚಿಕಿತ್ಸೆ), ಹಿಪ್ನೋಥೆರಪಿ ಮಾರುವ ಖಾಸಗಿಯವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇನ್ನೂರು ಜನರನ್ನು ಝೂಮಿನಲ್ಲಿ ಕೂರಿಸಿ ಕೈಹಿಡಿದು ಕಲಿಸಲು ಯಾರಿಂದಲೂ ಆಗದು. ತರಬೇತುದಾರರ ವಿದ್ಯಾರ್ಹತೆ, ನೋಂದಣಿ ಸಂಖ್ಯೆ, ಮುಗಿದ ಮೇಲೆ ಎಷ್ಟು ತಿಂಗಳು ಮೇಲ್ವಿಚಾರಣೆ ಎಂದು ಕೇಳಿ. ‘ಲೈಫ್‌ಟೈಮ್ ಆಕ್ಸೆಸ್ ಟು ರೆಕಾರ್ಡಿಂಗ್ಸ್’ ಎಂಬುದು ಮೇಲ್ವಿಚಾರಣೆ ಅಲ್ಲ.

ಹಾಜರಾತಿಯ ಗೋಳು ಪ್ರತ್ಯೇಕ. ಆನ್‌ಲೈನ್ ಸೆಷನ್‌ನಲ್ಲಿ ಶುರುವಿನಲ್ಲೊಂದು, ಕೊನೆಗೊಂದು ಗೂಗಲ್ ಫಾರ್ಮ್ ಬರುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಮುಚ್ಚುತ್ತದೆ. ಒಪಿಡಿಯ ನಡುವೆ ಕೂತವರಿಗೆ ಎರಡನೆಯದು ತಪ್ಪುವುದು ಸಾಮಾನ್ಯ. ಹೆಸರನ್ನು ನೋಂದಣಿ ಪತ್ರದಲ್ಲಿರುವಂತೆಯೇ, ಇನಿಶಿಯಲ್ ಸಮೇತ ಬರೆಯಿರಿ, ಆಮೇಲೆ ತಿದ್ದಿಸುವುದು ದೊಡ್ಡ ರಗಳೆ. ಕೆಲಸದ ವೇಳೆಯ ತರಬೇತಿಗೆ ಓಓಡಿ (ಅನ್ಯ ಕರ್ತವ್ಯ) ಆದೇಶವನ್ನು ಮುಂಚೆಯೇ ತೆಗೆದುಕೊಳ್ಳಬೇಕು. ಅರ್ಜಿಗೆ ಆಹ್ವಾನ ಪತ್ರ, ಕಾರ್ಯಕ್ರಮ ಪಟ್ಟಿ, ಆ ದಿನದ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂಬ ಒಂದು ಸಾಲು ಸೇರಿಸಿದರೆ ಫೈಲು ಬೇಗ ಹೊರಬರುತ್ತದೆ. ಮಂಗಳವಾರ ಬೇಡ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಕ್ಲಿನಿಕ್ ಅಂದೇ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಅದು ಮಧ್ಯಾಹ್ನದ ಆನ್‌ಲೈನ್ ಕೋರ್ಸಿಗೆ ಹೇಳಿ ಮಾಡಿಸಿದ ಕಾಲ, ಕರೆಂಟು ಇದ್ದರೆ.

ಇಷ್ಟೆಲ್ಲ ತರಬೇತಿಗಳ ನಡುವೆ ಬಾಕಿ ಬೀಳುವುದು ಮೇಲ್ವಿಚಾರಣೆ. ಅದನ್ನು ಯಾರೂ ಮಾರುವುದಿಲ್ಲ, ಕಟ್ಟಿಕೊಳ್ಳಬೇಕು. ಮೂರೂ ಜಿಲ್ಲೆಗಳ ಐದಾರು ಜನ, ತಿಂಗಳಿಗೊಮ್ಮೆ ಒಂದೂವರೆ ತಾಸು, ಸಲಕ್ಕೆ ಎರಡೇ ಕೇಸು. ಒಬ್ಬರು ಹೇಳುವುದು, ಒಬ್ಬರು ಗಡಿಯಾರ ನೋಡುವುದು, ಒಬ್ಬರು ಸಲಹೆ ಬರೆದುಕೊಳ್ಳುವುದು, ಪ್ರತಿ ಸಲ ಪಾಳಿ ಬದಲು. ಮೊದಲ ಹತ್ತು ನಿಮಿಷ ಹೋದ ತಿಂಗಳ ಕೇಸುಗಳು ಏನಾದವು ಎಂಬುದಕ್ಕೇ ಮೀಸಲು. ಎಲ್ಲರೂ ಒಂದೇ ಅನುಭವದವರಾದರೆ ಗುಂಪು ಬೇಗ ಸಮಾಧಾನ ಹೇಳಿಕೊಳ್ಳುವ ಕೂಟವಾಗುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆಯಾದರೂ ಎಂ.ಫಿಲ್. ಮಾಡಿದ ಹಿರಿಯರೊಬ್ಬರನ್ನು ಕರೆಯಬೇಕು, ಗೌರವಧನಕ್ಕೆ ತಲಾ ಇಷ್ಟು ಎಂದು ಮೊದಲೇ ಕೂಡಿಸಿಟ್ಟುಕೊಂಡು. ಹಾಜರಾತಿ, ದಿನಾಂಕ, ಚರ್ಚಿಸಿದ ವಿಷಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಎಲ್ಲರೂ ಸಹಿ ಮಾಡಿಡಿ, ಕೇಸಿನ ವಿವರ ಮಾತ್ರ ಅದರಲ್ಲಿ ಬೇಡ.